ಸಾಕವ್ವನ ವಯಸ್ಸೆಷ್ಟು?

ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು: 'ಒಡಲಾಳದ ಸಾಕವ್ವ ನೆಲಮೂಲದ ತಾಯ್ತನದ ರೂಪಕವಾಗಿ ನಿಲ್ಲುತ್ತಾಳೆ.' ಒಂದು ವಿಚಾರ ಸಂಕಿರಣದಲ್ಲಿ ಇದನ್ನು ಓದಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ತಲೆದೂಗಿದ್ದರು. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು. ಈಗ ಆ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಯಾವುದೋ ಹೊಸ ಸಿದ್ಧಾಂತ ಓದಿ ಹೊಡೆದದ್ದಲ್ಲ. ನಮ್ಮವ್ವ ಕೆಲಸ ಹುಡುಕಿಕೊಂಡು ನಂಜನಗೂಡಿಗೆ ಹೋಗಿ, ಫ್ಯಾಕ್ಟರಿ ಗೇಟಿನಿಂದಲೇ ವಾಪಸ್ಸು ಬಂದಳು. ಅದಾದ ಮೇಲೆ ಒಡಲಾಳವನ್ನು ಮತ್ತೆ ಓದಲು ಕೂತೆ, ನನ್ನದೇ ವಾಕ್ಯ ನನಗೆ ಸುಳ್ಳೆನಿಸಿತು.

ನಮ್ಮದು ತಿ. ನರಸೀಪುರ ತಾಲ್ಲೂಕು. ಹೊರಗಿನವರಿಗೆ ನರಸೀಪುರವೆಂದರೆ ಕಾವೇರಿ ಕಪಿಲೆ ಕೂಡುವ ತಿರುಮಕೂಡಲು, ಗುಂಜಾ ನರಸಿಂಹಸ್ವಾಮಿ ಗುಡಿ, ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ರೇಷ್ಮೆಯ ಊರು ಕೂಡ. ಮೈಸೂರು ಸಿಲ್ಕ್ ಸೀರೆಗೆ ನೂಲು ಕೊಡುವ ಸರ್ಕಾರಿ ಕಾರ್ಖಾನೆ ಅಲ್ಲಿದೆ. ಅವ್ವ ದುಡಿದದ್ದು ಅಲ್ಲಲ್ಲ, ಖಾಸಗಿಯವರ ಒಂದು ಸಣ್ಣ ನೂಲು ಬಿಚ್ಚಾಣಿಕೆ ಘಟಕದಲ್ಲಿ. ಹೊಗೆಯಾಡುವ ಬಿಸಿನೀರಿಗೆ ಕೈ ಅದ್ದಿ, ಬೆಂದ ಗೂಡುಗಳಲ್ಲಿ ಎಳೆಯ ತುದಿ ಹುಡುಕಿ, ಹಲವು ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಕೊಡುವ ಕೆಲಸ. ಎಳೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಸಂಜೆ ಮನೆಗೆ ಬಂದವಳ ಮೈಯಿಂದ ಸತ್ತ ಹುಳದ ನಾತ ಹೋಗಲು ಸೀಗೆಪುಡಿ ಹಾಕಿ ಉಜ್ಜಬೇಕಿತ್ತು. ಕೊರೋನಾ ಬಂತು, ಘಟಕ ಮುಚ್ಚಿತು. ಮತ್ತೆ ತೆರೆಯಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹೆಂಗಸರು ಧರ್ಮಸ್ಥಳಕ್ಕೆ ಹೋದರು, ಮಲೆ ಮಾದೇಶ್ವರನ ಬೆಟ್ಟಕ್ಕೆ ಹೋದರು ಎಂದು ಟೀವಿಯವರು ಗೇಲಿ ಮಾಡಿದ್ದು ನೆನಪಿರಬಹುದು. ಅವ್ವ ಹೋದದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ. ಬಸ್ ಚಾರ್ಜು ಇಲ್ಲವೆಂದ ಮೇಲೆ ಕೆಲಸ ಹುಡುಕುವುದಕ್ಕೂ ಖರ್ಚಿಲ್ಲ ಎನ್ನುವುದು ಅವಳ ಲೆಕ್ಕ. ನಮ್ಮ ಬೀದಿಯ ಹುಡುಗಿಯೊಬ್ಬಳು ಒಂದು ಗಾರ್ಮೆಂಟ್ಸಿನಲ್ಲಿ ಹೆಲ್ಪರ್ ಕೆಲಸ ಖಾಲಿ ಇದೆ, ದಾರ ಕತ್ತರಿಸುವುದು, ಬಟ್ಟೆ ಮಡಿಸುವುದು ಅಷ್ಟೇ ಎಂದಿದ್ದಳು. ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಹೋದಳು. ಗೇಟಿನಲ್ಲೂ ಅದೇ ಕಾರ್ಡು ಕೇಳಿದರು. ಬಸ್ಸು ಹತ್ತಿಸಿದ ಕಾರ್ಡೇ ಅವಳನ್ನು ಗೇಟಿನ ಹೊರಗೆ ನಿಲ್ಲಿಸಿತು.

ಕಾರ್ಡಿನಲ್ಲಿ ಅವಳ ಹುಟ್ಟಿದ ದಿನ 01-01-1969. ನಮ್ಮ ಊರಿನಲ್ಲಿ ಐವತ್ತರ ಆಚೀಚಿನ ಬಹಳ ಜನ ಹುಟ್ಟಿದ್ದು ಜನವರಿ ಒಂದರಂದೇ! ಶಾಲೆ ಕಾಣದವರು, ಜನನ ಪ್ರಮಾಣಪತ್ರ ಇಲ್ಲದವರು ಅಂದಾಜು ವಯಸ್ಸು ಹೇಳಿದರೆ ಕಂಪ್ಯೂಟರು ಅವರನ್ನು ಹೊಸ ವರ್ಷದ ದಿನ ಹುಟ್ಟಿಸುತ್ತದೆ. ಆ ದಿನ ನೋಂದಣಿಗೆ ಕೂತಿದ್ದ ಹುಡುಗ ಅವ್ವನ ಮುಖ ನೋಡಿ ಒಂದು ವರ್ಷ ಬರೆದುಕೊಂಡ. ಬಿಸಿನೀರಿನ ಹಬೆ ತಿಂದ ಮುಖ ಅದು. ನಾಲ್ಕೈದು ವರ್ಷ ಹೆಚ್ಚೇ ಬಿತ್ತು.

'ನಲವತ್ತು ದಾಟಿರೋರ್ನ ತಗೊಳಲ್ಲ ಕಣಮ್ಮ' ಎಂದ ಸೆಕ್ಯೂರಿಟಿಯವನು. ಅವ್ವ ವಾದ ಮಾಡಿದಳಂತೆ. 'ಅದು ನನ್ ವಯ್ಸಲ್ಲ ಕನಪ್ಪ. ಕಬಿನಿ ನಾಲ ಅಗಿವಾಗ ನಾನು ನಮ್ಮವ್ವನ ಸ್ವಂಟದ ಮ್ಯಾಲಿದ್ದೆ.' ಆ ಲೆಕ್ಕ ಹಿಡಿದರೂ ಅವಳಿಗೆ ನಲವತ್ತು ದಾಟಿತ್ತು, ಕೆಲಸ ಸಿಗುತ್ತಿರಲಿಲ್ಲ. ಆದರೆ ಅವಳು ವಾದಿಸಿದ್ದು ಕೆಲಸಕ್ಕಲ್ಲ, ವಯಸ್ಸಿಗೆ. ತನ್ನ ವಯಸ್ಸನ್ನು ತಾನೇ ಹೇಳುತ್ತೇನೆ ಎನ್ನುವುದಕ್ಕೆ.

ಇದನ್ನು ಕೇಳಿದಾಗ ನನಗೆ ತಟ್ಟನೆ ನೆನಪಾದವನು ದೇವನೂರರ 'ಅಮಾಸ' ಕತೆಯ ಕುರಿಯಯ್ಯ. ಮಾರಿಗುಡಿಯಲ್ಲಿ ತಬ್ಬಲಿ ಹುಡುಗ ಅಮಾಸನ ಜೊತೆ ಇರುವ ಮುದುಕ. ಜೀವಮಾನವೆಲ್ಲ ಕುರಿ ಕಾಯ್ದವನು, ಅದಕ್ಕೇ ಆ ಹೆಸರು. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಎಣಿಕೆ ಬರುವುದು ಇಪ್ಪತ್ತರವರೆಗೆ ಮಾತ್ರ, ಎಷ್ಟೇ ಕುರಿಗಳಿದ್ದರೂ ಇಪ್ಪತ್ತರ ಲೆಕ್ಕದಲ್ಲೇ ಎಣಿಸುತ್ತಾನೆ. ಈ ಪುಟಗಳನ್ನು ನಾವು ತರಗತಿಯಲ್ಲಿ ಓದುವಾಗ ಮುಗ್ಧತೆ, ಜಾನಪದ ಲಯ, ಕಾಲಾತೀತತೆ ಎಂದೆಲ್ಲ ಟಿಪ್ಪಣಿ ಬರೆದುಕೊಂಡಿದ್ದೇವೆ. ನಾನೂ ಬರೆದುಕೊಂಡಿದ್ದೇನೆ. ಈ ಸಲ ಓದುವಾಗ ಕಂಡದ್ದು ಬೇರೆ: ಈ ಮನುಷ್ಯನಿಗೆ ಕೆಲಸವೇ ಹೆಸರು, ಕೆಲಸವೇ ಗಣಿತ. ಕೆಲಸ ನಿಂತ ಮೇಲೆ ಅವನಿಗೆ ಉಳಿದದ್ದು ಮಾರಿಗುಡಿ. ಕಾಲಾತೀತ ಎಂದು ನಾವು ಕರೆದದ್ದು, ಸರಳವಾಗಿ ಹೇಳಬೇಕೆಂದರೆ, ದುಡಿಮೆಯಿಂದ ಹೊರಬಿದ್ದ ಒಬ್ಬ ಕೂಲಿಯ ಕೊನೆಗಾಲ.

ನಮ್ಮ ಮಾತಿನಲ್ಲಿ ವಯಸ್ಸಿಗೆ ಇರುವ ಅಳತೆಗಳನ್ನು ನೋಡಿ. 'ಕೈಕಾಲು ಆಡೋತನಕ', 'ರಟ್ಟೇಲಿ ಕಸುವಿರೋಗಂಟ', 'ಕೈಲಾಗದೋರು'. ಒಂದರಲ್ಲೂ ಇಸವಿ ಇಲ್ಲ. ಮೈ ಏನು ಮಾಡಬಲ್ಲದು ಎನ್ನುವುದೇ ವಯಸ್ಸು. ಹಾಗೆಂದು ಹಳ್ಳಿಯ ಅಳತೆ ಒಳ್ಳೆಯದು, ಫ್ಯಾಕ್ಟರಿಯದು ಕೆಟ್ಟದ್ದು ಎಂದು ಬರೆದುಬಿಡುವುದು ಸುಲಭ. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಬಹುಶಃ ಹಾಗೇ ಬರೆಯುತ್ತಿದ್ದೆ. ಆದರೆ ದೇವನೂರು ಆ ಅವಕಾಶ ಕೊಡುವುದಿಲ್ಲ. ಅವರ ಊರಿನಲ್ಲಿ ಯಾರಿಗೂ ವಯಸ್ಸಿನ ಕಾರಣಕ್ಕೆ ಕೆಲಸ ತಪ್ಪುವುದಿಲ್ಲ ನಿಜ, ಯಾಕೆಂದರೆ ಜೀತಕ್ಕೆ ನಿವೃತ್ತಿ ಇರುವುದಿಲ್ಲ. ಆ ಊರು ವಯಸ್ಸು ಕೇಳುತ್ತಿರಲಿಲ್ಲ, ಜಾತಿ ಕೇಳುತ್ತಿತ್ತು. ಫ್ಯಾಕ್ಟರಿ ಗೇಟು ಜಾತಿ ಕೇಳುವುದಿಲ್ಲ ಎನ್ನುವುದೇ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಅದು ಕೊಟ್ಟ ಬಲ. ಬೆಳಿಗ್ಗೆ ವ್ಯಾನು ಹತ್ತಿ ಹೋದರೆ ಯಾರ ಜಗಲಿಯ ಕೆಳಗೂ ನಿಲ್ಲಬೇಕಾಗಿಲ್ಲ. ಅವ್ವ ಆ ವ್ಯಾನು ಹತ್ತಬೇಕೆಂದಿದ್ದು ಬರೀ ಸಂಬಳಕ್ಕಲ್ಲ. ಇಪ್ಪತ್ತು ವರ್ಷ ತಡವಾಗಿ ಬಂದಿತ್ತು ವ್ಯಾನು.

ಸಾಕವ್ವನಿಗೆ ಬರುತ್ತೇನೆ. ಒಡಲಾಳ ಓದಿದವರಿಗೆ ಕತೆ ಹೇಳಬೇಕಾಗಿಲ್ಲ. ಓದದ ವಿದ್ಯಾರ್ಥಿಗಳಿಗೆ ಇಷ್ಟು: ಒಂದು ದಲಿತ ಕುಟುಂಬ, ಅದರ ಹಿರಿಯಳು ಸಾಕವ್ವ. ಅವಳ ಹುಂಜ ಕಾಣೆಯಾಗಿದೆ, ಊರೆಲ್ಲ ಹುಡುಕುತ್ತಾಳೆ. ಇತ್ತ ಎತ್ತಪ್ಪನ ಕಡಲೆಕಾಯಿ ಮೂಟೆಯೊಂದು ಕಳುವಾಗಿ ಈ ಮನೆಗೆ ಬರುತ್ತದೆ. ಇಡೀ ಮನೆ ರಾತ್ರಿಯೆಲ್ಲ ಕೂತು ತಿಂದು ಮುಗಿಸುತ್ತದೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಇಷ್ಟು ಸಣ್ಣ ಪುಸ್ತಕದಲ್ಲಿ ಹಸಿವು, ಹಬ್ಬ, ಭಯ ಮೂರನ್ನೂ ಒಂದೇ ರಾತ್ರಿಗೆ ತಂದಿಟ್ಟ ಇನ್ನೊಂದು ಕನ್ನಡ ಕತೆ ನನಗೆ ಗೊತ್ತಿಲ್ಲ.

ಸಾಕವ್ವನನ್ನು ನಾವು ಮಾತೃಮೂಲ, ಬೇರು, ಪರಂಪರೆಯ ನೆನಪು ಎಂದು ಓದುತ್ತೇವೆ. ಪರೀಕ್ಷೆಯ ಗೈಡುಗಳಲ್ಲಿ ಈ ಮಾತು ಬೋಲ್ಡ್ ಅಕ್ಷರದಲ್ಲೇ ಇರುತ್ತದೆ. ಆದರೆ ಸಾಕವ್ವ ಪುಸ್ತಕದಲ್ಲಿ ಮಾಡುವುದೇನು? ಹುಡುಕುತ್ತಾಳೆ, ಬೈಯುತ್ತಾಳೆ, ಲೆಕ್ಕ ಕೇಳುತ್ತಾಳೆ, ಮನೆಯವರನ್ನು ನಿಭಾಯಿಸುತ್ತಾಳೆ. ಸಾಕಿದ ಹುಂಜ ಎಂದರೆ ಅವಳ ದುಡಿಮೆಯ ಫಲ, ಅವಳ ಕೈಯಲ್ಲಿರುವ ಬಂಡವಾಳ. ಅದನ್ನು ಹುಡುಕಲು ಊರು ಸುತ್ತುವುದನ್ನು ಸಂಕೇತ ಎನ್ನುವ ಮೊದಲು ಕೆಲಸ ಎನ್ನಬೇಕಲ್ಲವೇ? ವಯಸ್ಸಾದ ಹೆಂಗಸು ಕೆಲಸ ಮಾಡುತ್ತಿರುವುದು ಕಣ್ಣೆದುರೇ ಇದ್ದರೂ ನಮಗೆ ರೂಪಕ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಆ ಸೆಕ್ಯೂರಿಟಿಯವನಿಗೂ ಅವ್ವನ ಬೆರಳು ಕಾಣಲಿಲ್ಲ.

ಅವಳ ಹೆಸರನ್ನೇ ನೋಡಿ. 'ಸಾಕು' ಎಂದರೆ ಸಲಹು, ಪೋಷಿಸು. 'ಸಾಕು' ಎಂದರೆ ಇಷ್ಟೇ, ಇನ್ನು ಬೇಡ. ನಮ್ಮ ಕಡೆ ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದರೆ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಡುವುದುಂಟು, ದೇವರಿಗೆ ಅರ್ಜಿ ಹಾಕಿದ ಹಾಗೆ. ಹುಟ್ಟಿದಾಗಲೇ 'ಸಾಕು' ಎನ್ನಿಸಿಕೊಂಡವಳು ಬದುಕಿಡೀ ಉಳಿದವರನ್ನು ಸಾಕುತ್ತಾಳೆ. ಲೇಖಕರು ಇದನ್ನು ಯೋಚಿಸಿಯೇ ಇಟ್ಟರು ಎಂದು ನಾನು ವಾದಿಸುವುದಿಲ್ಲ. ಕೇರಿಯಲ್ಲಿ ಇರುವ ಹೆಸರು, ಇಟ್ಟಿದ್ದಾರೆ. ಆದರೆ ಭಾಷೆ ಒಂದೇ ಪದದಲ್ಲಿ ಈ ಎರಡನ್ನೂ ಇಟ್ಟುಕೊಂಡಿದೆ, ಅದನ್ನು ನಾವು ಇಷ್ಟು ದಿನ ಕೇಳಿಸಿಕೊಂಡಿಲ್ಲ.

ಕೇಳಿಸಿಕೊಳ್ಳದಿರಲು ಒಂದು ಕಾರಣ, ಮುದಿತನದ ಬಗ್ಗೆ ನಮ್ಮ ಓದನ್ನು ರೂಪಿಸಿದ ಪುಸ್ತಕವೇ ಬೇರೆ. 1968ರಲ್ಲಿ ಬಂದ 'ಮೂಕಜ್ಜಿಯ ಕನಸುಗಳು'. 1977ರ ಜ್ಞಾನಪೀಠ ಕಾರಂತರಿಗೆ ಬಂದದ್ದು ಅದಕ್ಕೆ. ಬಾಲವಿಧವೆ ಅಜ್ಜಿ, ವಸ್ತು ಮುಟ್ಟಿದರೆ ಅದರ ಗತಕಾಲ ಕಾಣುವವಳು. ಮೊಮ್ಮಗ ಸುಬ್ಬರಾಯ ಪ್ರಶ್ನೆ ಕೇಳುತ್ತಾನೆ, ಅಜ್ಜಿ ದೇವರನ್ನೂ ಶಾಸ್ತ್ರವನ್ನೂ ಒರೆಗೆ ಹಚ್ಚುತ್ತಾಳೆ. ನನಗೆ ಇಷ್ಟದ ಕಾದಂಬರಿಯೇ. ಆದರೆ ಮೂಕಜ್ಜಿ ನಾಳೆಯ ಅಕ್ಕಿಗಾಗಿ ಯಾರ ಗೇಟಿಗೂ ಹೋಗಬೇಕಾಗಿಲ್ಲ. ಅವಳ ಕೈ ವಸ್ತುವನ್ನು ಮುಟ್ಟುವುದು ಅದರ ಚರಿತ್ರೆ ತಿಳಿಯಲು. ಅವ್ವನ ಕೈ ಗೂಡು ಮುಟ್ಟಿದ್ದು ಎಳೆ ಸಿಗಲು. ವೃದ್ಧಾಪ್ಯವೆಂದರೆ ಜ್ಞಾನ ಎಂದು ಮೂಕಜ್ಜಿಯಿಂದ ಕಲಿತ ಓದುಗರು ಸಾಕವ್ವನಲ್ಲೂ ಅದನ್ನೇ ಹುಡುಕಿದರು. ತೇಜಸ್ವಿಯವರ ತಬರ ಇನ್ನೊಂದು ದಾರಿ ತೋರಿಸಿದ: ನಿವೃತ್ತ ಜವಾನ, ಬರಬೇಕಾದ ಪಿಂಚಣಿಗಾಗಿ ಅಲೆದು ಅಲೆದು ಹುಚ್ಚನಾಗುವವನು. ಅವನ ಕಷ್ಟ ದೊಡ್ಡದು, ಆದರೆ ಅವನಿಗೆ ಕೇಳಲು ಒಂದು ಪಿಂಚಣಿಯಾದರೂ ಇತ್ತು. ವಯಸ್ಸಾದ ಮೇಲೆ ಹೊಸದಾಗಿ ಕೆಲಸ ಕೇಳುವ ಮನುಷ್ಯರು ನಮ್ಮ ಸಾಹಿತ್ಯದಲ್ಲಿ ಎಲ್ಲಿದ್ದಾರೆ ಎಂದು ಹುಡುಕಿದರೆ ಕೈಗೆ ಸಿಗುವುದು ಬಹಳ ಕಡಿಮೆ. ಊರಿನಲ್ಲಿ ಮಾತ್ರ ಬೀದಿಗೆ ನಾಲ್ಕು ಜನ ಸಿಗುತ್ತಾರೆ.

ಕಾನೂನಿನ ಕಣ್ಣೂ ಹೀಗೇ ಇದೆ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕೇಂದ್ರದ ಕಾಯ್ದೆ ಮಕ್ಕಳು ತಂದೆತಾಯಿಯನ್ನು ನೋಡಿಕೊಳ್ಳಬೇಕು ಎನ್ನುತ್ತದೆ. ಅಗತ್ಯವಾದ ಕಾಯ್ದೆ. ಆದರೆ ಅದರಲ್ಲಿ ವಯಸ್ಸಾದವರು ಸಾಕಿಸಿಕೊಳ್ಳುವವರು, ಕೆಲಸ ಕೇಳುವವರಲ್ಲ. ಅಮೆರಿಕದಲ್ಲಿ 1967ರಷ್ಟು ಹಿಂದೆಯೇ ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ದೂರವಿಡಬಾರದು ಎಂಬ ಕಾನೂನು ಬಂತು. ಅಲ್ಲಿ ರಕ್ಷಣೆ ಶುರುವಾಗುವ ವಯಸ್ಸಿಗೇ ಇಲ್ಲಿ ಗೇಟು ಮುಚ್ಚುತ್ತದೆ. ನಮ್ಮ ಸಂವಿಧಾನದ 15 ಮತ್ತು 16ನೆಯ ವಿಧಿಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇತ್ಯಾದಿ ಕಾರಣಕ್ಕೆ ತಾರತಮ್ಯ ಕೂಡದು ಎಂದು ಪಟ್ಟಿ ಮಾಡುತ್ತವೆ. ಹುಟ್ಟಿದ ಇಸವಿ ಆ ಪಟ್ಟಿಯಲ್ಲಿಲ್ಲ. ಇನ್ನು ಪಿಂಚಣಿ: ವೃದ್ಧಾಪ್ಯ ವೇತನಕ್ಕೆ 60 ಆಗಬೇಕು, ಸಂಧ್ಯಾ ಸುರಕ್ಷಾಕ್ಕೆ 65. ಗೇಟಿನವರ ಲೆಕ್ಕದಲ್ಲಿ ನಲವತ್ತಕ್ಕೇ ಮುದುಕಿ, ತಾಲ್ಲೂಕು ಕಚೇರಿಯ ಲೆಕ್ಕದಲ್ಲಿ ಅರವತ್ತರವರೆಗೆ ಗಟ್ಟಿಗಿತ್ತಿ. ನಡುವಿನ ಇಪ್ಪತ್ತು ವರ್ಷ ಏನು ಉಣ್ಣಬೇಕು?

ಆ ವರ್ಷ ಅವ್ವನಿಗೆ ಮೊದಲು ಸಿಕ್ಕ ಕೆಲಸ ಉದ್ಯೋಗ ಖಾತ್ರಿಯದು, ಕೆರೆಯ ಹೂಳೆತ್ತುವುದು. 2005ರ ಆ ಕಾಯ್ದೆಯಲ್ಲಿ ನನಗೆ ಸಾಹಿತ್ಯಕ್ಕಿಂತ ಹೆಚ್ಚು ಇಷ್ಟವಾದ ಒಂದು ಸಂಗತಿಯಿತ್ತು. ಹದಿನೆಂಟು ತುಂಬಿರಬೇಕು ಎನ್ನುತ್ತಿತ್ತು, ಮೇಲಿನ ಮಿತಿ ಹೇಳುತ್ತಿರಲಿಲ್ಲ. 2023-24ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 316 ರೂಪಾಯಿ, ಗಂಡಸಿಗೂ ಹೆಂಗಸಿಗೂ ಒಂದೇ. ಅರವತ್ತು ದಾಟಿದವರಿಗೆ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ ಇತ್ತು. ಕೆರೆ ಏರಿಯ ಮೇಲೆ ಬೆಳಿಗ್ಗೆ ಹಾಜರಿ ಫೋಟೊ ತೆಗೆಯುವಾಗ ಅವ್ವನ ಪಕ್ಕದಲ್ಲಿ ನಿಂತವರಲ್ಲಿ ಅವಳಿಗಿಂತ ಹಿರಿಯರೇ ಹೆಚ್ಚು. ಒಬ್ಬರಂತೂ ಬುಟ್ಟಿ ಹೊರಲಾರರು, ಎಲ್ಲರಿಗೂ ನೀರು ಕೊಡುತ್ತಾರೆ, ಮಕ್ಕಳನ್ನು ಮರದಡಿ ನೋಡಿಕೊಳ್ಳುತ್ತಾರೆ. ಅದೂ ಕೆಲಸವೆಂದೇ ಲೆಕ್ಕ. ಕುರಿಯಯ್ಯನಿಗೆ ಮಾರಿಗುಡಿಯಲ್ಲಿ ಹೀಗೊಂದು ಲೆಕ್ಕ ಇರಲಿಲ್ಲ. ಆದರೆ ಆಗ ವರ್ಷಕ್ಕೆ ಒಂದು ಮನೆಗೆ ನೂರು ದಿನವಿತ್ತು. ಉಳಿದ ದಿನಗಳು ಉಳಿದೇ ಇರುತ್ತಿದ್ದವು. ಬೆರಳಚ್ಚು ಬೇಕಾದ ಕಡೆಯೆಲ್ಲ ಅವ್ವನದು ಇನ್ನೊಂದು ಪಾಡು. ಬಿಸಿನೀರು ಅವಳ ಬೆರಳಿನ ಗೆರೆಗಳನ್ನು ಅಳಿಸಿದೆ, ರೇಷನ್ ಅಂಗಡಿಯ ಯಂತ್ರ ಮೂರು ನಾಲ್ಕು ಸಲ ಒತ್ತಿಸಿಕೊಂಡ ಮೇಲೆ ಅವಳನ್ನು ಗುರುತಿಸುತ್ತದೆ. ಎಷ್ಟು ವರ್ಷ ದುಡಿದಳು ಎನ್ನುವುದಕ್ಕೆ ಅವಳಲ್ಲಿರುವ ಏಕೈಕ ದಾಖಲೆ ಆ ಅಳಿದ ಗೆರೆಗಳೇ.

ರಂಗಭೂಮಿಯ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಸಿಜಿಕೆ ನಿರ್ದೇಶನದ 'ಒಡಲಾಳ' ನಾಟಕದಲ್ಲಿ ಸಾಕವ್ವನಾಗಿ ಹೆಸರಾದವರು ಉಮಾಶ್ರೀ. ಮುದುಕಿಯ ಪಾತ್ರವನ್ನು ಅವರು ಹರೆಯದಲ್ಲೇ ಮಾಡಿದರು, ನೋಡಿದವರು ಇವತ್ತಿಗೂ ನೆನೆಯುತ್ತಾರೆ. ಅದೇ ಉಮಾಶ್ರೀಯವರಿಗೆ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ಗಾಗಿ ರಾಷ್ಟ್ರಪ್ರಶಸ್ತಿ ಬಂದದ್ದು ಐವತ್ತು ದಾಟಿದ ಮೇಲೆ, ನಾಯಕಿಯಾಗಿ. ಐವತ್ತು ದಾಟಿದ ನಟಿಯರಿಗೆ ನಮ್ಮ ಸಿನಿಮಾದವರು ಸಾಮಾನ್ಯವಾಗಿ ಕೊಡುವುದು ಆರತಿ ತಟ್ಟೆ ಹಿಡಿಯುವ ಪಾತ್ರ. ಒಬ್ಬರಿಗೆ ಸಿಕ್ಕಿತು ಎನ್ನುವುದರಿಂದ ಉಳಿದವರ ಪಾಡು ಬದಲಾಗುವುದಿಲ್ಲ ನಿಜ, ಆದರೂ ನೆನಪಿಡಬೇಕಾದದ್ದು.

ಇದನ್ನೆಲ್ಲ ಅಧ್ಯಾಯದಲ್ಲಿ ಸೇರಿಸಿ ಮಾರ್ಗದರ್ಶಕರಿಗೆ ಕೊಟ್ಟೆ. 'ಇದು ಸಮಾಜಶಾಸ್ತ್ರ ಆಯ್ತಲ್ಲಮ್ಮ, ವಿಮರ್ಶೆ ಎಲ್ಲಿ?' ಎಂದರು. ಸಿಟ್ಟಿನಿಂದಲ್ಲ, ಕಾಳಜಿಯಿಂದಲೇ. ನಾನು ಬೇಗ ಮುಗಿಸಲಿ ಎನ್ನುವುದು ಅವರ ಆಸೆ, ಕಾರಣವೂ ಇದೆ. ನನಗೀಗ ಇಪ್ಪತ್ತೊಂಬತ್ತು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಸಾಮಾನ್ಯವಾಗಿ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40 ಎನ್ನುವ ಗೆರೆ ಎಲ್ಲ ಸಂಶೋಧಕರ ತಲೆಯಲ್ಲೂ ಗಡಿಯಾರದಂತೆ ಓಡುತ್ತಿರುತ್ತದೆ. ಹುದ್ದೆ ಕರೆಯುವುದು ಎಷ್ಟೋ ವರ್ಷಕ್ಕೊಮ್ಮೆ, ವಯಸ್ಸು ಮಾತ್ರ ಪ್ರತಿ ವರ್ಷ ತಪ್ಪದೆ ಆಗುತ್ತದೆ. ನಮ್ಮ ಹಾಸ್ಟೆಲಿನಲ್ಲಿದ್ದ ಅಕ್ಕನೊಬ್ಬರು ಅತಿಥಿ ಉಪನ್ಯಾಸಕಿಯಾಗಿಯೇ ನಲವತ್ತು ದಾಟಿದರು. ದೇವನೂರರ ಬಗ್ಗೆ ನಾನು ಬಲ್ಲವರಲ್ಲೆಲ್ಲ ಚೆನ್ನಾಗಿ ಪಾಠ ಮಾಡುವವರು ಅವರೇ. ಮಾರ್ಗದರ್ಶಕರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಸಾಕವ್ವನನ್ನು ರೂಪಕ ಎಂದದ್ದು ಓದಿನ ತಪ್ಪು, ಅದನ್ನು ತಿದ್ದುವುದು ವಿಮರ್ಶೆಯ ಕೆಲಸವೇ. ಅವರು ಒಪ್ಪಿದರೋ ಇಲ್ಲವೋ, ಅಧ್ಯಾಯ ಹಿಂದಿರುಗಿಸುವಾಗ ಆ ಪುಟಗಳಿಗೆ ಕೆಂಪು ಗೆರೆ ಹಾಕಿರಲಿಲ್ಲ.

ಅವ್ವ ಈಗ ನಂಜನಗೂಡಿನಲ್ಲಿ ಒಂದು ಮೆಸ್ಸಿನಲ್ಲಿದ್ದಾಳೆ. ಮಾಲೀಕಳಾದ ಹೆಂಗಸು ಕಾರ್ಡು ಕೇಳಲಿಲ್ಲ. 'ಮುದ್ದ ಕಟ್ಟಕ ಬತ್ತದಾ?' ಎಂದಳಂತೆ. ಅವ್ವ ಒಲೆಯ ಮುಂದೆ ಕೂತು, ಬಿಸಿ ಹಿಟ್ಟಿಗೆ ನೀರು ಮುಟ್ಟಿದ ಕೈ ಇಟ್ಟು, ಉಸ್ಸೆನ್ನದೆ ಹತ್ತು ಮುದ್ದೆ ಕಟ್ಟಿದ್ದಾಳೆ. ಬಿಸಿ ಅವಳಿಗೆ ಹೊಸದಲ್ಲವಲ್ಲ. ಅವತ್ತೇ ಕೆಲಸವಾಯಿತು. ಇದನ್ನು ಸಂತೋಷದ ಕತೆಯಾಗಿ ನಾಲ್ಕು ಜನರಿಗೆ ಹೇಳಿದ್ದೆ. ಆಮೇಲೆ ತಿಳಿಯಿತು, ಪಕ್ಕದಲ್ಲಿ ಇದೇ ಕೆಲಸ ಮಾಡುವ ಮೂವತ್ತರ ಹೆಂಗಸಿಗೆ ದಿನಕ್ಕೆ 450, ಅವ್ವನಿಗೆ 350. 'ವಯಸ್ಸಾದೋಳಿಗ ಇದೇ ಜಾಸ್ತಿ' ಎಂಬ ಮಾತು ಕಾರ್ಡು ಕೇಳದ ಬಾಯಿಂದಲೇ ಬಂದಿದೆ. ಗೇಟಿನಲ್ಲಿ ತಡೆಯುವ ವಯಸ್ಸು ಒಲೆಯ ಮುಂದೆ ಕೂಲಿ ಕತ್ತರಿಸುವ ವಯಸ್ಸಾಗುತ್ತದೆ. ನೂರು ರೂಪಾಯಿ ಯಾಕೆ ಕಡಿಮೆ ಎಂದು ಅವ್ವ ಕೇಳಿದ್ದಾಳೆ. ಇನ್ನೂ ಕೇಳುತ್ತಿದ್ದಾಳೆ. ಹೋದ ದೀಪಾವಳಿಗೆ ಮೂವತ್ತು ರೂಪಾಯಿ ಏರಿತು.

ಕಳೆದ ವಾರ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಕಪಿಲಾ ಸೇತುವೆ ದಾಟುವಾಗ ಅವಳಿಗೆ ಒಡಲಾಳದ ಕತೆ ಹೇಳಿದೆ. ಕಡಲೆಕಾಯಿ ತಿನ್ನುವ ರಾತ್ರಿಗೆ ಬಾಯಿ ಮುಚ್ಚಿಕೊಂಡು ನಕ್ಕಳು. ಪೊಲೀಸರು ಬಂದರು ಎಂದಾಗ ಸುಮ್ಮನಾದಳು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ ಕೇಳಿದಳು: 'ಅಲ್ಲ ಕೂಸು, ಆವಮ್ಮ ಹುಂಜ ಹುಡೀಕಂಡು ತಿರುಗ್ತಿದ್ಲಲ್ಲ, ಅವತ್ತು ಅವಳ ಬದ್ಲು ಕೂಲಿಗ ಯಾರ್ ಹೋಗಿದ್ರು?'

ಪುಸ್ತಕ ಚೀಲದಲ್ಲೇ ಇತ್ತು. ತೆಗೆದು ಮೊದಲ ಪುಟದಿಂದ ನೋಡತೊಡಗಿದೆ. ಅಷ್ಟರಲ್ಲಿ ನಮ್ಮ ಸ್ಟಾಪು ಬಂತು.